ಯಾವ ರೇಡ್ ಫಾಸ್ಟ್? ನೀವೇ ಅಳೆದು ನೋಡಿ

ಹಲವು ಡಿಸ್ಕ್ ಸೇರಿಸಿ ಒಂದೇ ಡಿಸ್ಕಿನ ಹಾಗೆ ಬಳಸುವ ವಿಧಾನಕ್ಕೆ ರೇಡ್ ಅಂತಾರೆ; 0, 5, 6, 10 ಅದರ ಬಗೆಗಳು. ಕೈಯಲ್ಲಿ ಒಂದೇ ಥರದ ಆರು ಹಾರ್ಡ್ ಡಿಸ್ಕ್ ಇವೆ ಅಂದುಕೊಳ್ಳಿ. ರೇಡ್ 5 ಮಾಡಬೇಕೋ, ರೇಡ್ 6 ಮಾಡಬೇಕೋ, ರೇಡ್ 10 ಮಾಡಬೇಕೋ? ‘ಯಾವುದು ಫಾಸ್ಟ್?’ ಅಂತ ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಕೆಲಸಕ್ಕೆ ಅಂತಲೂ ಹೇಳಬೇಕು. ದೊಡ್ಡ ವಿಡಿಯೊ ಫೈಲ್ ತುಂಬುವುದಕ್ಕೂ ಡೇಟಾಬೇಸ್ ಓಡಿಸುವುದಕ್ಕೂ ಅಜಗಜಾಂತರ.

ಮೊದಲು ಕಾಗದದ ಮೇಲೆ ಲೆಕ್ಕ

ಟೆಸ್ಟ್ ಶುರು ಮಾಡುವ ಮೊದಲೇ ಎಷ್ಟು ಬರಬೇಕು ಅಂತ ಬರೆದಿಟ್ಟುಕೊಳ್ಳಿ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಓದಿ-ಬರೆಯುವ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಹೆಡ್ ಅಲ್ಲಿಗೆ ಸರಿಯಲು ಇನ್ನೊಂದು 8–9 ಮಿಲಿಸೆಕೆಂಡ್. ಒಟ್ಟು 12–13. ಅಂದರೆ ಅಲ್ಲೊಂದು ಇಲ್ಲೊಂದು ಚೂರು ಕೇಳಿದರೆ ಸೆಕೆಂಡಿಗೆ ಸುಮಾರು 80 ಸಲ. ಆರೂ ಡಿಸ್ಕ್ ಒಟ್ಟಿಗೆ ಕೆಲಸ ಮಾಡಿದರೆ 480.

ಓದುವುದರಲ್ಲಿ ಎಲ್ಲ ರೇಡ್‌ಗಳೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಬರೆಯುವುದರಲ್ಲಿ. ಡೇಟಾವನ್ನು ಬರೀ ಹಂಚಿ ಬರೆಯುವ ರೇಡ್ 0 ಪೂರ್ತಿ 480 ಕೊಡುತ್ತದೆ, ಆದರೆ ಒಂದು ಡಿಸ್ಕ್ ಹೋದರೆ ಎಲ್ಲವೂ ಹೋಯಿತು. ರೇಡ್ 10 ಪ್ರತಿಯೊಂದನ್ನೂ ಎರಡು ಕಡೆ ಬರೆಯುತ್ತದೆ, ಹಾಗಾಗಿ 240.

ರೇಡ್ 5ರಲ್ಲಿ ಒಂದು 4 ಕೆಬಿ ಚೂರು ಬದಲಿಸಬೇಕು ಅಂದುಕೊಳ್ಳಿ. ಹಳೆಯ ಡೇಟಾ ಓದಬೇಕು. ಹಳೆಯ ಪ್ಯಾರಿಟಿ (ಡಿಸ್ಕ್ ಹೋದರೆ ಡೇಟಾವನ್ನು ಮತ್ತೆ ಲೆಕ್ಕ ಹಾಕಿ ಪಡೆಯಲು ಇಡುವ ಹೆಚ್ಚುವರಿ ಮಾಹಿತಿ) ಓದಬೇಕು. ಎರಡನ್ನೂ ಹೊಸ ಡೇಟಾ ಜೊತೆ ಸೇರಿಸಿ ಹೊಸ ಪ್ಯಾರಿಟಿ ಲೆಕ್ಕ ಹಾಕಬೇಕು. ಆಮೇಲೆ ಹೊಸ ಡೇಟಾ ಬರೆಯಬೇಕು, ಹೊಸ ಪ್ಯಾರಿಟಿಯನ್ನೂ ಬರೆಯಬೇಕು. ಒಂದು ಬರಹಕ್ಕೆ ನಾಲ್ಕು ಕೆಲಸ! 480 ಇದ್ದದ್ದು 120ಕ್ಕೆ ಇಳಿಯಿತು. ರೇಡ್ 6ರಲ್ಲಿ ಪ್ಯಾರಿಟಿ ಎರಡು, ಕೆಲಸ ಆರು, ಉಳಿಯುವುದು 80. ಆರು ಡಿಸ್ಕ್ ಸೇರಿ ಒಂದು ಡಿಸ್ಕಿನಷ್ಟು ಕೆಲಸ ಮಾಡಿದ ಹಾಗೆ.

ದೊಡ್ಡ ಫೈಲ್ ಒಂದೇ ಸಮನೆ ಬರೆಯುವಾಗ ಕಥೆ ತಲೆಕೆಳಗು. ಎಲ್ಲ ಡಿಸ್ಕಿನ ಮೇಲೂ ಹರಡಿದ ಇಡೀ ಸಾಲು ಒಟ್ಟಿಗೆ ಸಿಕ್ಕಿದರೆ ಹಳೆಯದನ್ನು ಓದುವ ಗೋಜಿಲ್ಲ. ಆಗ ರೇಡ್ 5 ಐದು ಡಿಸ್ಕಿನ ವೇಗದ ಹತ್ತಿರ ಹೋಗುತ್ತದೆ, ರೇಡ್ 10 ಮೂರಕ್ಕೇ ನಿಲ್ಲುತ್ತದೆ.

ಕಟ್ಟಿದ ಮೇಲೆ ಕಾಯಿರಿ

ರೇಡ್ 5, 6 ಕಟ್ಟಿದ ತಕ್ಷಣ ಒಳಗೊಳಗೇ ಸಿಂಕ್, ಅಂದರೆ ಪ್ಯಾರಿಟಿಯನ್ನು ಡೇಟಾಕ್ಕೆ ಹೊಂದಿಸುವ ಕೆಲಸ, ನಡೆಯುತ್ತಿರುತ್ತದೆ. ಲಿನಕ್ಸ್‌ನಲ್ಲಿ ಎಂಡಿಸ್ಟಾಟ್ ಫೈಲ್ ತೆರೆದರೆ ಶೇಕಡಾ ಎಷ್ಟಾಗಿದೆ ಅಂತ ಕಾಣುತ್ತದೆ. ದೊಡ್ಡ ಡಿಸ್ಕ್‌ಗೆ ಹಲವು ಗಂಟೆ ಬೇಕು. ಅದು ಮುಗಿಯುವ ಮೊದಲು ಅಳೆದರೆ ಅರ್ಧ ಡಿಸ್ಕನ್ನಷ್ಟೇ ಅಳೆದಂತೆ. ಚಂಕ್ ಸೈಜ್ (ಒಂದೊಂದು ಡಿಸ್ಕಿಗೆ ಹಂಚುವ ಚೂರಿನ ಗಾತ್ರ), ಫೈಲ್ ಸಿಸ್ಟಮ್ ಎಲ್ಲವೂ ಪ್ರತಿ ಸಲ ಒಂದೇ ಇರಲಿ. ಡಿಸ್ಕಿನ ಹೊರ ಅಂಚು ಒಳ ಅಂಚಿಗಿಂತ ಜಾಸ್ತಿ ಫಾಸ್ಟ್, ಹಾಗಾಗಿ ಜಾಗವೂ ಅದೇ ಇರಬೇಕು.

ರ‍್ಯಾಮ್ ಅಳೆಯಬೇಡಿ

ಮೊದಲ ಸಲ ನಾನು ಅಳೆದಾಗ ಸ್ಕ್ರೀನ್ ಮೇಲೆ ಸೆಕೆಂಡಿಗೆ 4 ಜಿಬಿ ಅಂತ ಬಂತು. ತಿರುಗುವ ಡಿಸ್ಕ್ ಒಂದೊಂದೂ ಕೊಡುವುದು ಹೆಚ್ಚೆಂದರೆ 250 ಎಂಬಿ ಆಸುಪಾಸು. ಆರು ಸೇರಿದರೂ 1.5 ಜಿಬಿ. ಉಳಿದದ್ದು ಎಲ್ಲಿಂದ ಬಂತು? ರ‍್ಯಾಮ್‌ನಿಂದ. ಫೈಲ್ ಚಿಕ್ಕದಿತ್ತು, ಕಂಪ್ಯೂಟರ್ ಅದನ್ನು ನೆನಪಿನಲ್ಲೇ ಇಟ್ಟುಕೊಂಡಿತ್ತು. ಆ ದಿನದಿಂದ ಕಾಗದದ ಲೆಕ್ಕ ಮಾಡದೆ ಯಾವ ಅಂಕಿಯನ್ನೂ ನಾನು ನಂಬುವುದಿಲ್ಲ. ಟೆಸ್ಟ್ ಟೂಲ್‌ನಲ್ಲಿ ನೆನಪನ್ನು ಬಿಟ್ಟು ನೇರ ಡಿಸ್ಕಿಗೇ ಹೋಗುವ ಡೈರೆಕ್ಟ್ ಆಯ್ಕೆ ಆನ್ ಮಾಡಿ. ಫೈಲ್ ರ‍್ಯಾಮ್‌ನ ಎರಡರಷ್ಟಾದರೂ ಇರಲಿ. ರೇಡ್ ನಡೆಸುವ ಕಾರ್ಡಿನಲ್ಲೂ ಕ್ಯಾಶ್ (ತಾತ್ಕಾಲಿಕ ನೆನಪು) ಇರುತ್ತದೆ, ಅದು ತುಂಬಿ ಹರಿಯುವವರೆಗೆ, ಕನಿಷ್ಠ ಹತ್ತು ನಿಮಿಷ, ಓಡಿಸಿ.

ಓಡಿಸಿ, ಬರೆದಿಡಿ

ಎಫ್‌ಐಒ ಎಂಬ ಉಚಿತ ಟೂಲ್ ಸಾಕು. 1 ಎಂಬಿ ಬ್ಲಾಕ್‌ನಲ್ಲಿ ಸಾಲಾಗಿ ಓದಿ, ಬರೆಯಿರಿ. 4 ಕೆಬಿ ಬ್ಲಾಕ್‌ನಲ್ಲಿ ರ‍್ಯಾಂಡಮ್ ಆಗಿ ಓದಿ, ಬರೆಯಿರಿ. ಆಮೇಲೆ 70 ಪಾಲು ಓದು, 30 ಪಾಲು ಬರಹ ಸೇರಿಸಿ ಒಂದು. ಕ್ಯೂ ಡೆಪ್ತ್ (ಒಂದೇ ಸಲಕ್ಕೆ ಎಷ್ಟು ಕೆಲಸ ಕೊಟ್ಟಿರುತ್ತೇವೆ ಅನ್ನುವುದು) 1 ಇಟ್ಟು ಒಮ್ಮೆ, 32 ಇಟ್ಟು ಒಮ್ಮೆ. ಕ್ಯೂ ಜಾಸ್ತಿಯಾದಾಗ ಡಿಸ್ಕ್ ತಾನೇ ಹತ್ತಿರದ ಕೆಲಸ ಮೊದಲು ಮುಗಿಸುತ್ತದೆ, ಆಗ ಒಂದೊಂದು ಡಿಸ್ಕಿಗೆ 80ಕ್ಕಿಂತ ಜಾಸ್ತಿ ಬಂದರೆ ಗಾಬರಿ ಬೇಡ. ಪ್ರತಿಯೊಂದನ್ನೂ ಮೂರು ಸಲ ಓಡಿಸಿ, ನಡುವಿನ ಅಂಕಿ ತೆಗೆದುಕೊಳ್ಳಿ. ಬರೆಯುವ ಟೆಸ್ಟ್ ಡಿಸ್ಕಿನಲ್ಲಿರುವುದನ್ನು ಅಳಿಸಿಹಾಕಬಹುದು, ಹಾಗಾಗಿ ಖಾಲಿ ಡಿಸ್ಕ್‌ಗಳ ಮೇಲಷ್ಟೇ ಮಾಡಿ.

ಸರಾಸರಿ ನೋಡಿ ಬಿಟ್ಟುಬಿಡಬೇಡಿ. ನೂರರಲ್ಲಿ 99 ಕೆಲಸ ಎಷ್ಟು ಹೊತ್ತಿನೊಳಗೆ ಮುಗಿದವು ಅಂತಲೂ ಎಫ್‌ಐಒ ತೋರಿಸುತ್ತದೆ. ಬಳಸುವವರಿಗೆ ತಾಕುವುದು ಆ ಅಂಕಿಯೇ ಅಲ್ವಾ?

ಎಸ್‌ಎಸ್‌ಡಿ ಆದರೆ ತಿರುಗುವ ಲೆಕ್ಕ ಇಲ್ಲ, ಆದರೆ ಪ್ಯಾರಿಟಿಯ ನಾಲ್ಕು ಕೆಲಸ ಇದ್ದೇ ಇದೆ. ಹೊಸ ಎಸ್‌ಎಸ್‌ಡಿ ಮೊದಮೊದಲು ಜಾಸ್ತಿ ವೇಗ ತೋರಿಸುತ್ತದೆ. ಒಂದೆರಡು ಸಲ ಪೂರ್ತಿ ತುಂಬಿಸಿ ಆಮೇಲೆ ಅಳೆಯಿರಿ.

ಒಂದು ಡಿಸ್ಕ್ ತೆಗೆದುಬಿಡಿ

ಬಹಳ ಜನ ಈ ಹಂತ ಮಾಡುವುದೇ ಇಲ್ಲ. ನನ್ನ ಪ್ರಕಾರ ಮುಖ್ಯವಾದದ್ದು ಇದೇ. ಒಂದು ಡಿಸ್ಕನ್ನು ಫೇಲ್ ಅಂತ ಗುರುತು ಮಾಡಿ, ಅದೇ ಟೆಸ್ಟ್ ಮತ್ತೆ ಓಡಿಸಿ. ರೇಡ್ 10ರಲ್ಲಿ ಹೋದ ಡಿಸ್ಕಿನ ಜೋಡಿ ಡಿಸ್ಕ್ ಒಂದನ್ನೇ ಓದಿದರೆ ಸಾಕು. ರೇಡ್ 5ರಲ್ಲಿ ಹೋದ ಡಿಸ್ಕಿನ ಒಂದೊಂದು ಚೂರಿಗೂ ಉಳಿದ ಐದನ್ನೂ ಓದಬೇಕು. ಆಮೇಲೆ ಡಿಸ್ಕ್ ವಾಪಸ್ ಸೇರಿಸಿ. ಮತ್ತೆ ಕಟ್ಟುವ ಕೆಲಸ ನಡೆಯುತ್ತಿರುವಾಗಲೇ ಇನ್ನೊಮ್ಮೆ ಅಳೆಯಿರಿ, ಎಷ್ಟು ಗಂಟೆ ಹಿಡಿಯಿತು ಅಂತ ಪಕ್ಕದಲ್ಲೇ ಬರೆದುಕೊಳ್ಳಿ.