ಹಳೆಯ ಪೋಸ್ಟ್‌ಗ್ರೆಸ್ ಸರ್ವರ್‌ನಲ್ಲಿ ಮೆಮೊರಿ ಸಾಲದಾದಾಗ

ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದಕ್ಕಿದ್ದಂತೆ ನಿಂತು ತಾನಾಗಿಯೇ ಮತ್ತೆ ಚಾಲೂ ಆಗಿದ್ದರೆ, ಹೊಸ ರ‍್ಯಾಮ್ ಕೊಳ್ಳುವ ಮುನ್ನ ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಲಾಗ್ ತೆರೆದು, ಮೆಮೊರಿ ಮುಗಿದು ಕರ್ನಲ್ ಯಾವ ಪ್ರೋಗ್ರಾಂ ನಿಲ್ಲಿಸಿತೆಂದು ಹೇಳುವ ‘ಔಟ್ ಆಫ್ ಮೆಮೊರಿ’ ಎಂಬ ಸಾಲಿನಲ್ಲಿ ಪೋಸ್ಟ್‌ಗ್ರೆಸ್‌ನ ಹೆಸರಿದೆಯೇ ಎಂದು ನೋಡಿರಿ. ಮೆಮೊರಿ ಬಳಕೆ ತೋರಿಸುವ ‘ಫ್ರೀ’ ಕಮಾಂಡ್ ಕೊಟ್ಟಾಗ ಗಮನಿಸಬೇಕಾದದ್ದು ‘ಅವೈಲಬಲ್’ ಕಾಲಂ. ಖಾಲಿ ಇಲ್ಲವೆಂದು ಕಾಣುವ ಮೆಮೊರಿಯಲ್ಲಿ ಬಹುಭಾಗ ಕಡತಗಳ ಕ್ಯಾಶ್ (ಬೇಕಾದಾಗ ಬಿಟ್ಟುಕೊಡಬಲ್ಲ ತಾತ್ಕಾಲಿಕ ಪ್ರತಿಗಳು) ಆಗಿರಬಹುದು, ಅದಕ್ಕೆ ಗಾಬರಿ ಬೇಡ.

ನನ್ನ ಅನುಭವದಲ್ಲಿ ಮೊದಲು ಅನುಮಾನಿಸಬೇಕಾದದ್ದು ಪೋಸ್ಟ್‌ಗ್ರೆಸ್‌ನ ‘ವರ್ಕ್ ಮೆಮ್’ ಎಂಬ ಮೆಮೊರಿ ಸೆಟ್ಟಿಂಗ್. ಇದು ಇಡೀ ಸರ್ವರ್‌ಗೆ ಹಾಕಿದ ಮಿತಿಯಲ್ಲ: ಒಂದೇ ಕ್ವೆರಿಯ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯ) ಪ್ರತಿಯೊಂದು ಸಾರ್ಟ್, ಅಂದರೆ ಸಾಲುಗಳನ್ನು ಕ್ರಮವಾಗಿ ಜೋಡಿಸುವ ಕೆಲಸ, ಕೂಡ ಅಷ್ಟು ಮೆಮೊರಿಯನ್ನು ಪ್ರತ್ಯೇಕವಾಗಿ ಬಳಸಬಹುದು. ಅದನ್ನು 64 ಎಂಬಿಗೆ ಏರಿಸಿ, 100 ಕನೆಕ್ಷನ್‌ಗಳು ತಲಾ ಎರಡು ಸಾರ್ಟ್ ನಡೆಸಿದರೆ 12.5 ಜಿಬಿ ಬೇಕಾದೀತು. 8 ಜಿಬಿಯ ಹಳೆಯ ಯಂತ್ರ ಅದನ್ನು ತಾಳದು. ಆದ್ದರಿಂದ ಮೂಲ (ಡೀಫಾಲ್ಟ್) ಮೌಲ್ಯವಾದ 4 ಎಂಬಿಗೇ ಮರಳಿ, ದೊಡ್ಡ ವರದಿ ತೆಗೆಯುವ ಸೆಷನ್‌ನಲ್ಲಿ ಮಾತ್ರ ಹೆಚ್ಚಿಸಿರಿ. ಇದಕ್ಕೆ ಸರ್ವರ್ ರೀಸ್ಟಾರ್ಟ್ ಬೇಕಿಲ್ಲ, ಕಾನ್ಫಿಗರೇಷನ್ ರೀಲೋಡ್ ಸಾಕು. ಕನೆಕ್ಷನ್‌ಗಳೇ ವಿಪರೀತವಾಗಿದ್ದರೆ ನಡುವೆ ಪಿಜಿಬೌನ್ಸರ್ (ಕೆಲವೇ ಕನೆಕ್ಷನ್‌ಗಳನ್ನು ಹಲವರಿಗೆ ಹಂಚುವ ತಂತ್ರಾಂಶ) ಇರಿಸಿರಿ.