ಆಟೋ ರಿಪ್ಲೈ ಹಾಕಿ ಮಧ್ಯಾಹ್ನ ಸದ್ದಿಲ್ಲದೆ ಆಫೀಸಿನಿಂದ ಹೊರಡುವುದು ಹೇಗೆ

ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ತೆರಿಗೆ ಸಲಹಾ ಕಚೇರಿಯಲ್ಲಿ ಜಿಎಸ್‌ಟಿ ಕೆಲಸ ನೋಡುವವರು ನಾವು. ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ವ್ಯಾಪಾರಿಗಳಿಂದ ಹಿಡಿದು ಮಂಡಿಪೇಟೆಯ ಅಂಗಡಿಯವರ ತನಕ ದಿನವಿಡೀ ಮೇಲ್ ಬರ್ತಾನೇ ಇರುತ್ತವೆ. ಅದರ ನಡುವೆ ಮಗನ ಶಾಲೆ ಕಾರ್ಯಕ್ರಮವೋ, ಅಮ್ಮನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವುದೋ, ಇಲ್ಲಾ ಸುಮ್ನೆ ಕುಂದವಾಡ ಕೆರೆ ಏರಿ ಮೇಲೆ ಒಂದು ಸುತ್ತು ಹಾಕುವುದೋ, ಎರಡು ಮೂರು ಗಂಟೆ ಬೇಕೇ ಬೇಕಾಗುತ್ತದೆ. ಅಷ್ಟಕ್ಕೆ ಊರಿಗೆಲ್ಲ ಡಂಗುರ ಸಾರಬೇಕಾಗಿಲ್ಲ, ಆಟೋ ರಿಪ್ಲೈ, ಅಂದರೆ ಬಂದ ಮೇಲ್‌ಗೆ ತಾನಾಗಿಯೇ ಹೋಗುವ ಉತ್ತರ, ಹಾಕಿಟ್ಟರೆ ಸಾಕು.

ಮೊದಲು ಒಂದು ವಿಷಯ. ನೀವು ಸೀಟಿನಲ್ಲಿಲ್ಲ ಅಂತ ಪಾರ್ಟಿಗಳಿಗೆ, ಅಂದರೆ ನಮ್ಮ ಗ್ರಾಹಕರಿಗೆ, ಗೊತ್ತಾಗುವುದು ಕೇಳಿದ್ದಕ್ಕೆ ಉತ್ತರ ಬರದಿದ್ದಾಗ. ಉತ್ತರ ಸಿಕ್ಕಿಬಿಟ್ಟರೆ ನೀವು ಎಲ್ಲಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ಆದರೆ ನಮ್ಮವರು ಜಾಸ್ತಿ ಜನ ಹಾಕುವುದು ‘ನಾನು ಕಚೇರಿಯಲ್ಲಿಲ್ಲ, ಬಂದ ಮೇಲೆ ಉತ್ತರಿಸುತ್ತೇನೆ’ ಅಂತ. ಅದನ್ನು ಓದಿದ ತಕ್ಷಣ ಅವರು ಫೋನ್ ಎತ್ತಿಕೊಳ್ಳುತ್ತಾರೆ, ನಿಮಗೆ ಸಿಗದಿದ್ದರೆ ಯಜಮಾನರಿಗೆ. ಅಲ್ಲಿಗೆ ಮುಗೀತು.

ಹಾಗಾಗಿ ಸಂದೇಶ ಬರೆಯುವ ಮುಂಚೆ ಇನ್‌ಬಾಕ್ಸ್ ತೆಗೆದು, ಹಿಂದಿನ ತಿಂಗಳು ಜನ ಏನೇನು ಕೇಳಿದ್ದಾರೆ ಅಂತ ನೋಡಿ. ನಮ್ಮಲ್ಲಂತೂ ಮೂರೇ ಮೂರು ಪ್ರಶ್ನೆ: ಬಿಲ್ ಬಂತಾ, ಕೊನೆ ದಿನ ಯಾವಾಗ, ನೋಟಿಸ್ ಬಂದಿದೆ ಏನು ಮಾಡಲಿ. ಈ ಮೂರಕ್ಕೂ ಉತ್ತರ ಇರುವ ಹಾಗೆ ಬರೆದರೆ ಹೀಗಿರುತ್ತದೆ (ರಿಟರ್ನ್ ಅಂದರೆ ಸರ್ಕಾರಕ್ಕೆ ಸಲ್ಲಿಸುವ ಲೆಕ್ಕ; ಜಿಎಸ್‌ಟಿಆರ್-1 ಮಾರಾಟದ ವಿವರ, 3ಬಿ ತೆರಿಗೆ ಕಟ್ಟುವ ರಿಟರ್ನ್):

‘ನಮಸ್ಕಾರ, ನಿಮ್ಮ ಮೇಲ್ ತಲುಪಿದೆ. ಬಿಲ್‌ಗಳನ್ನು ನೋಡಿ ಸಂಜೆ 6ರೊಳಗೆ ತಿಳಿಸುತ್ತೇನೆ. ತಿಂಗಳ ರಿಟರ್ನ್‌ನವರಿಗೆ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ಕ್ಕೆ, 3ಬಿ 20ಕ್ಕೆ ಕೊನೆ. ಮೂರು ತಿಂಗಳಿಗೊಮ್ಮೆ ಹಾಕುವವರಿಗೆ 13 ಮತ್ತು 22. ನೋಟಿಸ್ ಬಂದಿದ್ದರೆ ಅದರ ಪಿಡಿಎಫ್ ಇದೇ ಮೇಲ್‌ಗೆ ಕಳಿಸಿ, ಪೋರ್ಟಲ್‌ನಲ್ಲಿ ನೀವಾಗಿ ಏನೂ ಒತ್ತಬೇಡಿ.’

ಇದರಲ್ಲಿ ‘ಹೊರಗಿದ್ದೇನೆ’ ಅನ್ನುವ ಮಾತೇ ಇಲ್ಲ, ಸುಳ್ಳೂ ಇಲ್ಲ. ಈ ಎರಡನೆಯದು ನನಗೆ ತುಂಬಾ ಮುಖ್ಯ. ‘ಮೀಟಿಂಗ್‌ನಲ್ಲಿದ್ದೇನೆ’ ಅಂತ ಬರೆದು ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೂತರೆ, ಪಕ್ಕದ ಟೇಬಲ್‌ನಲ್ಲಿ ಅದೇ ಪಾರ್ಟಿ ಕೂತಿರುವ ಊರು ಇದು. ಬರೆದ ಮೇಲ್ ಅವರ ಹತ್ತಿರ ಹಾಗೇ ಉಳಿದಿರುತ್ತದೆ. ಸಂಜೆ 6 ಅಂತ ಹಾಕಿದ ಮೇಲೆ 6ಕ್ಕೆ ಉತ್ತರ ಹೋಗಲೇಬೇಕು.

ಇನ್ನು ಹಾಕುವುದು ಹೇಗೆ ಅಂದರೆ, ಜಿಮೇಲ್‌ನಲ್ಲಿ ಮೇಲಿನ ಚಕ್ರದ ಗುರುತು ಒತ್ತಿ, ‘ಸೀ ಆಲ್ ಸೆಟ್ಟಿಂಗ್ಸ್’ಗೆ ಹೋಗಿ, ‘ಜನರಲ್’ ಪುಟದ ಕೆಳಗೆ ‘ವೆಕೇಶನ್ ರೆಸ್ಪಾಂಡರ್’ ಇದೆ. ಅಲ್ಲಿ ಗಂಟೆ ಹಾಕಲು ಬರುವುದಿಲ್ಲ, ದಿನಾಂಕ ಮಾತ್ರ. ಶುರುವಿನ ದಿನ ಆರಂಭವಾಗುವ ರಾತ್ರಿ 12ರಿಂದ ಕೊನೆ ದಿನದ ರಾತ್ರಿ 11:59ರ ತನಕ ಅದು ಓಡುತ್ತದೆ. ಮಧ್ಯಾಹ್ನಕ್ಕಷ್ಟೇ ಬೇಕಿದ್ದರೆ ಹೊರಡುವಾಗ ನೀವೇ ಆನ್ ಮಾಡಿ, ಬಂದು ಆಫ್ ಮಾಡಬೇಕು. ಕೆಳಗೆ ‘ನನ್ನ ಕಾಂಟ್ಯಾಕ್ಟ್‌ನಲ್ಲಿರುವವರಿಗೆ ಮಾತ್ರ’ ಅನ್ನುವ ಚೌಕಕ್ಕೆ ಟಿಕ್ ಹಾಕಿ, ಇಲ್ಲದಿದ್ದರೆ ಗುರುತಿಲ್ಲದವರಿಗೂ ಉತ್ತರ ಹೋಗುತ್ತದೆ.

ಜನ ಎಡವುವುದು ಮುಂದಿನ ಜಾಗದಲ್ಲಿ. ಒಬ್ಬರಿಗೆ ಒಮ್ಮೆ ಆಟೋ ರಿಪ್ಲೈ ಹೋದರೆ, ಅದೇ ಸಂದೇಶ ನಾಲ್ಕು ದಿನದೊಳಗೆ ಅವರಿಗೆ ಮತ್ತೆ ಹೋಗುವುದಿಲ್ಲ. ಎರಡು ಗಂಟೆಗೆ ಒಂದು ಮೇಲ್, ಮೂರಕ್ಕೆ ಇನ್ನೊಂದು ಹಾಕುವ ಪಾರ್ಟಿಗೆ ಎರಡನೇ ಸಲ ಏನೂ ಬರುವುದಿಲ್ಲ. ಅದಕ್ಕೇ ಹೇಳಬೇಕಾದ್ದೆಲ್ಲ ಮೊದಲ ಸಂದೇಶದಲ್ಲೇ ಇರಲಿ. ಸಂದೇಶವನ್ನು ತಿದ್ದಿ ಸೇವ್ ಮಾಡಿದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಇದಕ್ಕಿಂತ ನನಗೆ ಇಷ್ಟವಾದ ದಾರಿ ಜಿಮೇಲ್‌ನ ಫಿಲ್ಟರ್, ಅಂದರೆ ಇಂಥ ಪದ ಇರುವ ಮೇಲ್ ಬಂದರೆ ಹೀಗೆ ಮಾಡು ಅಂತ ಮೊದಲೇ ಹೇಳಿಡುವುದು. ಕಂಪ್ಯೂಟರ್‌ನಲ್ಲೇ ಮಾಡಬೇಕು, ಫೋನಿನಲ್ಲಿ ಆಗುವುದಿಲ್ಲ. ಸೆಟ್ಟಿಂಗ್ಸ್‌ನ ‘ಅಡ್ವಾನ್ಸ್ಡ್’ನಲ್ಲಿ ‘ಟೆಂಪ್ಲೇಟ್ಸ್’ ಆನ್ ಮಾಡಿ. ಹೊಸ ಮೇಲ್ ತೆಗೆದು ಉತ್ತರ ಬರೆದು, ಮೂರು ಚುಕ್ಕಿ ಒತ್ತಿ ಟೆಂಪ್ಲೇಟ್ ಆಗಿ ಉಳಿಸಿ. ಆಮೇಲೆ ಹುಡುಕುವ ಪಟ್ಟಿಯ ತುದಿಯಲ್ಲಿರುವ ಗುರುತು ಒತ್ತಿ, ವಿಷಯದ ಜಾಗದಲ್ಲಿ ‘ಡ್ಯೂ ಡೇಟ್’ ಥರದ ಪದವನ್ನು ಪಾರ್ಟಿಗಳು ಟೈಪ್ ಮಾಡುವ ಹಾಗೇ ಹಾಕಿ, ‘ಕ್ರಿಯೇಟ್ ಫಿಲ್ಟರ್’ ಒತ್ತಿ, ‘ಸೆಂಡ್ ಟೆಂಪ್ಲೇಟ್’ ಆರಿಸಿ. ಆ ಪ್ರಶ್ನೆ ಕೇಳಿದವರಿಗೆ ಮಾತ್ರ ಉತ್ತರ ಹೋಗುತ್ತದೆ, ನೀವು ಸೀಟಿನಲ್ಲಿದ್ದರೂ ಸರಿ, ಇಲ್ಲದಿದ್ದರೂ ಸರಿ. ದಿನಾ ಇದೇ ಓಡುತ್ತಿದ್ದರೆ ನೀವು ಹೊರಟ ದಿನ ಬೇರೆ ಥರ ಕಾಣುವುದೇ ಇಲ್ಲ, ಅಲ್ವಾ?

ಔಟ್‌ಲುಕ್ ಇರುವವರಿಗೆ ಸೌಲಭ್ಯ ಜಾಸ್ತಿ, ಗುಟ್ಟು ಕಡಿಮೆ. ‘ಆಟೊಮ್ಯಾಟಿಕ್ ರಿಪ್ಲೈಸ್’ನಲ್ಲಿ 2ರಿಂದ 5 ಅಂತ ಗಂಟೆ ಸಮೇತ ಹಾಕಬಹುದು, ಆಫೀಸಿನವರಿಗೊಂದು ಹೊರಗಿನವರಿಗೊಂದು ಬೇರೆ ಬೇರೆ ಬರೆಯಬಹುದು. ಆದರೆ ಆಫೀಸಿನ ಅಕೌಂಟ್ ಆದರೆ ಸಹೋದ್ಯೋಗಿ ನಿಮ್ಮ ಹೆಸರು ಟೈಪ್ ಮಾಡಿದ ಕೂಡಲೇ, ಮೇಲ್ ಕಳಿಸುವ ಮುಂಚೆಯೇ ನಿಮ್ಮ ಸಂದೇಶ ಮೇಲೆ ಕಾಣುತ್ತದೆ. ಮೈಕ್ರೋಸಾಫ್ಟ್‌ನ ಚಾಟ್ ಆ್ಯಪ್ ಟೀಮ್ಸ್‌ನಲ್ಲೂ ಗೊತ್ತಾಗುತ್ತದೆ. ಅಂಥ ಕಡೆ ಆಫೀಸಿನೊಳಗೆ ಬಚ್ಚಿಡುವ ಪ್ರಯತ್ನವೇ ಬೇಡ. ಹೇಗಿದ್ದರೂ ಯಜಮಾನರಿಗೆ ‘ಸಾರ್, 2ರಿಂದ 5 ಹೊರಗಿರುತ್ತೇನೆ’ ಅಂತ ಒಂದು ಮಾತು ಹಾಕಿ ಹೋಗುವುದೇ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಾರ್ಟಿಗಳಿಗೆ ಗೊತ್ತಾಗಬಾರದು ಅಷ್ಟೇ.

ಬೆಳಿಗ್ಗೆಯೇ ಮುಗಿದ ಕೆಲಸ ಇದ್ದರೆ ‘ಶೆಡ್ಯೂಲ್ ಸೆಂಡ್’ ಬಳಸಿ. ಕಳಿಸುವ ಬಟನ್ ಪಕ್ಕದ ಬಾಣ ಒತ್ತಿ ಮೂರೂವರೆಗೆ ಇಟ್ಟರೆ, ನಿಮ್ಮ ಕಂಪ್ಯೂಟರ್ ಆಫ್ ಇದ್ದರೂ ಜಿಮೇಲ್ ತಾನೇ ಕಳಿಸುತ್ತದೆ. ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್‌ನಲ್ಲಿ ಪ್ರೋಗ್ರಾಂ ಮುಚ್ಚಿದರೆ ಅದು ಔಟ್‌ಬಾಕ್ಸ್‌ನಲ್ಲೇ ಉಳಿದುಬಿಡಬಹುದು, ನೋಡಿಕೊಳ್ಳಿ.

10, 11, 19, 20ನೇ ತಾರೀಖುಗಳಲ್ಲಿ ಮಾತ್ರ ಇದನ್ನು ಮಾಡಬೇಡಿ. ಆ ದಿನ ಪಾರ್ಟಿಗೆ ಬೇಕಾಗಿರುವುದು ನೀವೇ. ರಿಟರ್ನ್ ತಡವಾದರೆ ಲೇಟ್ ಫೀ ಕಟ್ಟುವವರು ಅವರು, ಅವರ ದುಡ್ಡಿನ ಮೇಲೆ ನಮ್ಮ ಬಿಡುವು ಬೇಡ.

ಹೊರಡುವ ಮುಂಚೆ ನಿಮ್ಮದೇ ಇನ್ನೊಂದು ಐಡಿಯಿಂದ ಒಂದು ಮೇಲ್ ಹಾಕಿ ಉತ್ತರ ಬರುತ್ತದಾ ನೋಡಿ. ಕಾಂಟ್ಯಾಕ್ಟ್ ಟಿಕ್ ಹಾಕಿದ್ದರೆ ಆ ಐಡಿಯೂ ಕಾಂಟ್ಯಾಕ್ಟ್‌ನಲ್ಲಿರಬೇಕು. ಕೆರೆ ಏರಿ ಮೇಲಿನ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ ಹೋಗದಿರಲಿ, ಅರ್ಧ ಮಂಡಿಪೇಟೆ ನಿಮ್ಮ ಸ್ಟೇಟಸ್ ನೋಡುತ್ತದೆ. ವಾಪಸ್ ಬಂದಾಗ ಇನ್‌ಬಾಕ್ಸ್ ಮೇಲೆ ಒಂದು ಪಟ್ಟಿ ಕಾಣುತ್ತದೆ, ಅದರಲ್ಲಿ ‘ಎಂಡ್ ನೌ’ ಒತ್ತಿ. ಆಮೇಲೆ ಮೊದಲು ನೋಟಿಸ್‌ನ ಪಿಡಿಎಫ್‌ಗಳನ್ನು ತೆಗೆಯಿರಿ, ನಂತರ ಬಿಲ್‌ಗಳು, ತಾರೀಖು ಕೇಳಿದವರದ್ದು ಮುಟ್ಟುವುದೇ ಬೇಡ, ಅವರಿಗೆ ಆಗಲೇ ಉತ್ತರ ಸಿಕ್ಕಿದೆ.