ವೆಬ್ ಪೇಜಲ್ಲಿ ಕನ್ನಡ ಕೆಟ್ಟು ಕಾಣ್ತಿದ್ರೆ ಎಲ್ಲಿ ನೋಡ್ಬೇಕು, ಏನ್ ಸರಿ ಮಾಡ್ಬೇಕು

"ಸೈಟಲ್ಲಿ ಕನ್ನಡ ಸರಿಯಾಗಿ ಬರ್ತಿಲ್ಲ" ಅನ್ನೋ ಒಂದೇ ಮಾತಲ್ಲಿ ನಾಲ್ಕೈದು ಬೇರೆ ಬೇರೆ ತೊಂದರೆ ಸೇರ್ಕೊಂಡಿರತ್ತೆ, ಒಂದಕ್ಕೆ ಕೊಡೋ ಔಷಧಿ ಇನ್ನೊಂದಕ್ಕೆ ನಾಟಲ್ಲ. ಅದಕ್ಕೇ ಕೋಡಿಗೆ ಕೈ ಹಾಕೋ ಮುಂಚೆ ಸ್ಕ್ರೀನ್ ಮೇಲೆ ಏನ್ ಕಾಣ್ತಿದೆ ಅಂತ ಸ್ವಲ್ಪ ಹತ್ರದಿಂದ ನೋಡಿ.

ಒಳಗಡೆ ನಡೆಯೋದು ಇಷ್ಟು. ಕಂಪ್ಯೂಟರಿಗೆ ಗೊತ್ತಿರೋದು ನಂಬರ್ ಮಾತ್ರ, ಎಲ್ಲಾ ಭಾಷೆ ಅಕ್ಷರಕ್ಕೂ ನಂಬರ್ ಕೊಡೋ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಅಂತ 3200 ರಿಂದ 3327 ರವರೆಗೆ 128 ಜಾಗ ಇಟ್ಟಿದಾರೆ, ಅದ್ರಲ್ಲಿ ಕ ಅಕ್ಷರದ ನಂಬರ್ 3221. ಒಂದು ಬೈಟಲ್ಲಿ, ಅಂದ್ರೆ ಕಂಪ್ಯೂಟರ್ ಡೇಟಾ ಇಡೋ ಒಂದು ಪುಟ್ಟ ಖಾನೆಯಲ್ಲಿ, 255 ದಾಟಿದ ನಂಬರ್ ಹಿಡಿಸಲ್ಲ, ಅದಕ್ಕೆ ಯುಟಿಎಫ್-8 ಅನ್ನೋ ಪದ್ಧತಿ (ಇಂಥದಕ್ಕೆ ಎನ್‌ಕೋಡಿಂಗ್ ಅಂತಾರೆ) ಅದನ್ನ 224, 178, 149 ಅಂತ ಮೂರು ಬೈಟ್ ಮಾಡಿ ಇಡತ್ತೆ. 1992 ರಲ್ಲಿ ಕೆನ್ ಥಾಂಪ್ಸನ್ ಮತ್ತೆ ರಾಬ್ ಪೈಕ್ ಮಾಡಿದ್ದು ಇದು, ಇಂಗ್ಲಿಷ್ ಅಕ್ಷರ ಆಸ್ಕಿ ಅನ್ನೋ ಹಳೇ ಇಂಗ್ಲಿಷ್ ಪಟ್ಟಿಯಲ್ಲಿದ್ದ ಹಾಗೇ ಒಂದೇ ಬೈಟಲ್ಲಿ ಉಳೀತು, ಕನ್ನಡಕ್ಕೆ ಮೂರು, ಇಮೋಜಿಗಳಲ್ಲಿ ಹೆಚ್ಚಿನವಕ್ಕೆ ನಾಲ್ಕು. "ಕನ್ನಡ" ಅಂತ ಬರೆದ್ರೆ ಕಣ್ಣಿಗೆ ಮೂರು ಅಕ್ಷರ, ಆದ್ರೆ ಒಳಗೆ ಇರೋದು ಐದು: ಕ, ನ, ಒತ್ತು ಹುಟ್ಟಿಸೋ ಹಲಂತ ಚಿಹ್ನೆ (ಯೂನಿಕೋಡಲ್ಲಿ ಇದಕ್ಕೆ ವಿರಾಮ ಅಂತಾರೆ), ಇನ್ನೊಂದು ನ, ಡ. ಒಟ್ಟು 15 ಬೈಟ್. ಈ 15 ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಈಗ ಮೊದಲ್ನೇ ಕಾಯಿಲೆ. ಪೇಜ್ ತುಂಬ ತಲೆ ಮೇಲೆ ಗೀಟು ಹಾಕಿರೋ ಸಣ್ಣ ಇಂಗ್ಲಿಷ್ ಎ, ಅದ್ರ ಪಕ್ಕ ವರ್ಗದ ಗುರುತಿನ ಥರ ಮೇಲಕ್ಕೆ ಕೂತಿರೋ ಪುಟ್ಟ 2 ಅಥವಾ 3, ಮತ್ತೆ ಮತ್ತೆ ಇದೇ ಬರ್ತಿದ್ರೆ ಹೆದರ್ಕೋಬೇಡಿ, ಹೆಚ್ಚಾಗಿ ಡೇಟಾ ಚೆನ್ನಾಗೇ ಇರತ್ತೆ. ಬ್ರೌಸರ್ ಯುಟಿಎಫ್-8 ಬೈಟ್‌ಗಳನ್ನ ವಿಂಡೋಸ್-1252 ಅನ್ನೋ ಹಳೇ ಒಂದೇ ಬೈಟಿನ ಪದ್ಧತಿ ಅಂದ್ಕೊಂಡು ಓದ್ತಿದೆ ಅಷ್ಟೇ, ಅದ್ರಲ್ಲಿ 224 ಅಂದ್ರೆ ಆ ಗೀಟಿನ ಎ, 178 ಅಂದ್ರೆ ಆ ಪುಟ್ಟ 2, 179 ಆದ್ರೆ ಪುಟ್ಟ 3. ಕನ್ನಡದ ಪ್ರತಿ ಅಕ್ಷರವೂ 224 ರಿಂದಲೇ ಶುರುವಾಗೋದ್ರಿಂದ ಅದೇ ಮುಖ ಸಾಲುಸಾಲಾಗಿ ಕಾಣತ್ತೆ. ಇದಕ್ಕೆ ಪೇಜಿನ ಹೆಡ್ ಭಾಗ ಶುರುವಾದ ತಕ್ಷಣ, ಟೈಟಲ್‌ಗಿಂತ ಮೇಲೆ, ಚಾರ್‌ಸೆಟ್ ಯುಟಿಎಫ್-8 ಅಂತ ಹೇಳೋ ಮೆಟಾ ಟ್ಯಾಗ್ (ಬೈಟನ್ನ ಯಾವ ಪದ್ಧತಿಯಲ್ಲಿ ಓದ್ಬೇಕು ಅಂತ ಬ್ರೌಸರಿಗೆ ಹೇಳೋ ಸಾಲು) ಹಾಕಿ. ಅದು ಫೈಲಿನ ಮೊದಲ 1024 ಬೈಟ್ ಒಳಗೇ ಇರ್ಬೇಕು ಅಂತ ನಿಯಮ ಇದೆ, ಉದ್ದುದ್ದ ಸ್ಕ್ರಿಪ್ಟ್ ಎಲ್ಲಾ ಆದ್ಮೇಲೆ ಕೆಳಗೆಲ್ಲೋ ಹಾಕಿದ್ರೆ ನಂಬೋಕಾಗಲ್ಲ.

ಟ್ಯಾಗ್ ಇದ್ರೂ ಸರಿಹೋಗ್ಲಿಲ್ವಾ, ಆಗ ಸರ್ವರ್ ನೋಡಿ. ಸರ್ವರ್ ಪೇಜಿನ ಜೊತೆ ಕಳಿಸೋ ಕಂಟೆಂಟ್-ಟೈಪ್ ಹೆಡರ್ ಅನ್ನೋ ಸಾಲಲ್ಲಿ ಬೇರೆ ಚಾರ್‌ಸೆಟ್ ಇದ್ರೆ ಬ್ರೌಸರ್ ಅದರ ಮಾತೇ ಕೇಳತ್ತೆ, ನಿಮ್ಮ ಮೆಟಾ ಟ್ಯಾಗನ್ನ ಪಕ್ಕಕ್ಕಿಡತ್ತೆ. ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆಗೆದು, ಪೇಜ್ ರಿಫ್ರೆಶ್ ಮಾಡಿ ಮೊದಲ ಸಾಲು ಕ್ಲಿಕ್ ಮಾಡಿದ್ರೆ ಆ ಹೆಡರ್ ಕಾಣತ್ತೆ. ಇನ್ನು ಫೈಲ್ ಸೇವ್ ಮಾಡೋವಾಗ್ಲೂ ಯುಟಿಎಫ್-8 ಅಂತಲೇ ಆರಿಸ್ಬೇಕು, ಟ್ಯಾಗಲ್ಲಿ ಒಂದು ಹೇಳಿ ಫೈಲಲ್ಲಿ ಇನ್ನೊಂದಿದ್ರೆ ಏನೂ ಪ್ರಯೋಜನ ಇಲ್ಲ.

ಸಾಲುಗಟ್ಟಲೆ ಬರೀ ಪ್ರಶ್ನಾರ್ಥಕ ಚಿಹ್ನೆ ಕಾಣ್ತಿದ್ರೆ ಮಾತ್ರ ವಿಷ್ಯ ಗಂಭೀರ. ಎಲ್ಲೋ ದಾರಿಯಲ್ಲಿ, ಹೆಚ್ಚಾಗಿ ಡೇಟಾಬೇಸಿಗೆ ಬರೆಯೋವಾಗ, ಕನ್ನಡ ಹಿಡಿಸದ ಎನ್‌ಕೋಡಿಂಗ್‌ಗೆ ತುರುಕಿರ್ತಾರೆ, ಅಕ್ಷರ ಹೋಗಿ ಪ್ರಶ್ನೆ ಚಿಹ್ನೆ ಕೂತಿರತ್ತೆ. ಡೇಟಾಬೇಸ್ ಒಳಗೂ ಹಾಗೇ ಇದ್ರೆ ಅದು ವಾಪಸ್ ಬರಲ್ಲ, ಬ್ಯಾಕಪ್‌ನಿಂದ ತರ್ಬೇಕು ಇಲ್ಲ ಮತ್ತೆ ಟೈಪ್ ಮಾಡ್ಬೇಕು. ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಬಳಸ್ತಿದ್ರೆ ಟೇಬಲ್ಲು, ಕಾಲಮ್ಮು, ಕನೆಕ್ಷನ್ನು ಮೂರೂ ಯುಟಿಎಫ್8ಎಂಬಿ4 ಇರ್ಬೇಕು. ಅದ್ರ ಹಳೇ ಯುಟಿಎಫ್8 ಮೂರು ಬೈಟಿಗೇ ನಿಲ್ಲತ್ತೆ, ಕನ್ನಡ ಬರತ್ತೆ, ಯಾರಾದ್ರೂ ಒಂದು ಇಮೋಜಿ ಹಾಕಿದ ದಿನ ಎರರ್ ಬರತ್ತೆ. ಆಗ ಹೇಳಿದ 15 ಇಲ್ಲಿ ಬೇಕು: "ಕನ್ನಡ" ಅನ್ನೋ ಪದ ಟೇಬಲ್ಲಲ್ಲಿ ಎಷ್ಟು ಬೈಟ್ ಇದೆ ಅಂತ ಲೆಂಗ್ತ್ ಫಂಕ್ಷನಿಂದ ಕೇಳಿ, 30 ಅಥವಾ ಇನ್ನೂ ಜಾಸ್ತಿ ಬಂದ್ರೆ ಎರಡೆರಡು ಸಲ ಎನ್‌ಕೋಡ್ ಆಗಿದೆ ಅಂತ ಅರ್ಥ, ಪೇಜಲ್ಲಿ ಏನೇ ತಿದ್ದಿದ್ರೂ ಅದು ಸರಿಹೋಗಲ್ಲ, ಡೇಟಾನೇ ತಿದ್ಬೇಕು.

ಚೌಕಾಕಾರದ ಖಾಲಿ ಡಬ್ಬಿ ಕಂಡ್ರೆ ಎನ್‌ಕೋಡಿಂಗ್ ತಪ್ಪಿಲ್ಲ, ಆ ಮೆಷಿನ್ನಲ್ಲಿ ಕನ್ನಡ ಫಾಂಟ್ ಇಲ್ಲ. ನೋಟೋ ಸಾನ್ಸ್ ಕನ್ನಡ ಥರದ ವೆಬ್ ಫಾಂಟ್ ಸೇರಿಸಿದ್ರೆ ಮುಗೀತು.

ನಮ್ಮಲ್ಲಿ ಜಾಸ್ತಿ ಕಾಡೋದು ಇನ್ನೊಂದು. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ ಫೈಲನ್ನ ಕಾಪಿ ಮಾಡಿ ಪೇಜಿಗೆ ಪೇಸ್ಟ್ ಮಾಡಿದ್ರೆ ದೊಡ್ಡ ಇಂಗ್ಲಿಷ್ ಪಿ, ಗೀಟಿನ ದೊಡ್ಡ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ ಹೀಗೆ ಬರತ್ತೆ. ಯಾಕಂದ್ರೆ ಅಲ್ಲಿ ಇರೋದೇ ಇಂಗ್ಲಿಷ್ ಮತ್ತೆ ಯುರೋಪಿನ ಅಕ್ಷರಗಳ ನಂಬರು, ಫಾಂಟು ಅದ್ರ ಮೇಲೆ ಕನ್ನಡದ ಚಿತ್ರ ಕೂರಿಸಿತ್ತು. ಆ ಫಾಂಟನ್ನೇ ಪೇಜಿಗೆ ಹಾಕಿ ಕಣ್ಣಿಗೆ ಸರಿ ಮಾಡ್ಬೋದು, ದಯವಿಟ್ಟು ಹಾಗೆ ಮಾಡ್ಬೇಡಿ. ಗೂಗಲ್ ಅದನ್ನ ಕನ್ನಡ ಅಂತ ಹುಡುಕಿ ಕೊಡಲ್ಲ, ಕಣ್ಣು ಕಾಣದೋರ ಸ್ಕ್ರೀನ್ ರೀಡರ್ ಅದನ್ನ ಕನ್ನಡವಾಗಿ ಓದಲ್ಲ, ಅಷ್ಟು ಶ್ರಮ ಪಟ್ಟು ಬರೆದಿದ್ದು ಯಾರಿಗೂ ಸಿಗದ ಹಾಗೆ ಆಗತ್ತೆ. ಕನ್ವರ್ಟರಲ್ಲಿ ಹಾಕಿ ಯೂನಿಕೋಡಿಗೆ ಬದಲಾಯಿಸಿ, ಆಮೇಲೆ ಒಂದ್ಸಲ ಕೂತು ಓದಿ. ಮಧ್ಯೆ ಇದ್ದ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡದ ಗೊಂಚಲಾಗಿ ಬದಲಾಗಿರತ್ತೆ, ಅರ್ಕಾವತ್ತು ಒಂದಕ್ಷರ ಆಚೀಚೆ ಹೋಗಿರ್ಬೋದು.

ಎಲ್ಲಾ ಆದ್ಮೇಲೆ ಒಂದು ಸಾಲು ಹಾಕಿ ಪರೀಕ್ಷೆ ಮಾಡಿ: ಕರ್ನಾಟಕ, ರಾಷ್ಟ್ರ, ಶ್ರೀ, ಸಾಫ್ಟ್‌ವೇರ್, ರ‍್ಯಾಂಕ್, ೧೨೩, ಕೊನೇಲಿ ಒಂದು ಇಮೋಜಿ. ಸಾಫ್ಟ್‌ವೇರ್, ರ‍್ಯಾಂಕ್ ಎರಡ್ರಲ್ಲೂ ಅಕ್ಷರ ಕೂಡ್ಬೇಕಾ ಬಿಡ್ಬೇಕಾ ಅಂತ ಹೇಳೋ, ಕಣ್ಣಿಗೆ ಕಾಣದ ಒಂದೊಂದು ಗುರುತು ಇರತ್ತೆ, ಕೆಲವು ಫಾರ್ಮ್‌ಗಳು ಅದನ್ನ ಕಸ ಅಂತ ಕಿತ್ತು ಹಾಕ್ತವೆ. ಈ ಸಾಲನ್ನ ಫಾರ್ಮಲ್ಲಿ ತುಂಬಿ, ಡೇಟಾಬೇಸಲ್ಲಿ ನೋಡಿ, ಪೇಜಲ್ಲಿ ನೋಡಿ, ಸರ್ಚಲ್ಲಿ ಹುಡುಕಿ. ಯಾವ ಹಂತದಲ್ಲಿ ಬದಲಾಯ್ತೋ ರಿಪೇರಿ ಅಲ್ಲೇ ಮಾಡಿ.